ತಕ್ಕಡಿ ಡಾಕ್ಟರು ಬರೆದ ಮೊದಲ ಕೈಪಿಡಿ

ತಕ್ಕಡಿ ಡಾಕ್ಟರು ಯಾವ ಕಾಲೇಜಿನಲ್ಲೂ ಡಾಕ್ಟರಿಕೆ ಓದಿದವರಲ್ಲ. ಹತ್ತೊಂಬತ್ತು ವರ್ಷ ಒಂದು ಕಂಪನಿಯ ಪರವಾಗಿ ಅಂಗಡಿಯಿಂದ ಅಂಗಡಿಗೆ ಅಲೆದು ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡಿದವರು. ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, ಯಂತ್ರದ ಹೊಟ್ಟೆನೋವು ಎಲ್ಲಿದೆಯೆಂದು ಹೇಳಿಬಿಡುತ್ತಿದ್ದರು. ಹಾಗಾಗಿ ಅಂಗಡಿಯವರೇ ಇಟ್ಟ ಹೆಸರು ಅದು. ಕಂಪನಿಯವರು ರಿಪೇರಿ ವಿಭಾಗವನ್ನೇ ಮುಚ್ಚಿದಾಗ ಅವರಿಗೆ ನಲವತ್ತಾರು ದಾಟಿತ್ತು.

“ಇನ್ನು ನಾನು ಯಾರ ಕೈಕೆಳಗೂ ಇಲ್ಲ. ಸ್ವತಂತ್ರ ತಾಂತ್ರಿಕ ಲೇಖಕ,” ಎಂದು ಮನೆಯಲ್ಲಿ ಘೋಷಿಸಿ ನೂರು ವಿಸಿಟಿಂಗ್ ಕಾರ್ಡು ಮಾಡಿಸಿದರು. ಯಂತ್ರಗಳ ಜೊತೆ ಬರುವ ಕೈಪಿಡಿಗಳನ್ನು ಬರೆದುಕೊಡುವ ಕೆಲಸ. ಪಕ್ಕದ ಮನೆಯವರು ಕಾರ್ಡನ್ನು ತಿರುಗಿಸಿ ನೋಡಿ, “ಕಾದಂಬರಿ ಎಷ್ಟು ಬರೆದಿದ್ದೀರಿ ಸಾರ್?” ಎಂದರು. ಒಂದೂ ಇಲ್ಲ ಎನ್ನುವ ಬದಲು ಡಾಕ್ಟರು ಆಕಾಶ ನೋಡಿ ಮುಗುಳ್ನಕ್ಕರು.

ಐದು ತಿಂಗಳಲ್ಲಿ ಕಾರ್ಡುಗಳೆಲ್ಲ ಖಾಲಿಯಾದವು, ಕೆಲಸದ ವಿಷಯಕ್ಕೆ ಫೋನು ಬಾಯಿ ಬಿಡಲೇ ಇಲ್ಲ. ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಅಕ್ಕನ ಗಂಡ ಮಾತ್ರ ಬಿಡದೆ ಫೋನು ಮಾಡುತ್ತಿದ್ದರು.

“ಏನಯ್ಯಾ ಲೇಖಕ, ಬರೆದು ಬರೆದು ಕೈ ನೋಯ್ತಿದೆಯಾ? ಒಂದನೇ ತಾರೀಕಿಂದ ನಮ್ಮ ಗಲ್ಲಾಪೆಟ್ಟಿಗೆ ಮುಂದೆ ಬಂದು ಕೂತ್ಕೋ.”

“ಈ ತಿಂಗಳು ನೋಡ್ತೀನಿ ಬಾವ. ಆಗದಿದ್ರೆ ಬರ್ತೀನಿ,” ಎಂದು ಒಂದು ದಿನ ಡಾಕ್ಟರು ಮಾತು ಕೊಟ್ಟೇಬಿಟ್ಟರು. ಕೊಟ್ಟ ಗಳಿಗೆಯಿಂದ ಅನ್ನ ರುಚಿಸಲಿಲ್ಲ.

ತಿಂಗಳು ಮುಗಿಯಲು ಎಂಟು ದಿನವಿರುವಾಗ ತಕ್ಕಡಿ ತಯಾರಿಸುವ ಕಾರ್ಖಾನೆಯೊಂದರಿಂದ ಕರೆ ಬಂತು. ಹೊಸ ಮಾದರಿಗೆ ಒಂದು ಕೈಪಿಡಿ ಬರೆಯಬೇಕು. ಪರೀಕ್ಷೆಯಲ್ಲಿ ಪಾಸಾದರೆ ಉಳಿದ ಹನ್ನೊಂದು ಮಾದರಿಗಳದ್ದೂ ಅವರಿಗೇ. ಮರುದಿನ ಯಂತ್ರದ ಪೆಟ್ಟಿಗೆ ಮನೆಗೆ ಬಂತು. ಡಾಕ್ಟರು ಬಿಚ್ಚಿ, ಎತ್ತಿ, ತಿರುಗಿಸಿ, ಮೇಜಿನ ಮೇಲೆ ಕೂರಿಸಿ ಬರೆಯತೊಡಗಿದರು. ಮೊದಲ ಸಾಲು: ‘ಮಾನವ ನಾಗರಿಕತೆಯ ಇತಿಹಾಸದಲ್ಲಿ ತೂಕಕ್ಕೆ ಒಂದು ವಿಶಿಷ್ಟ ಸ್ಥಾನವಿದೆ.’

ಹೊಲಿಗೆ ಕೆಲಸ ಮಾಡುವ ಹೆಂಡತಿ ಓದಿ ಕನ್ನಡಕ ತೆಗೆದರು. “ರೀ, ಸ್ವಿಚ್ಚು ಎಲ್ಲಿದೆ?”

“ಬರುತ್ತೆ ಕಣೆ, ನಾಲ್ಕನೇ ಪುಟದಲ್ಲಿ. ಇದು ಪೀಠಿಕೆ.”

“ಅಂಗಿ ಅಳತೆ ಕೊಡೋಕೆ ಬಂದವರಿಗೆ ನಾನು ಹತ್ತಿ ಬೆಳೆದ ಕಥೆ ಹೇಳ್ತೀನಾ?”

ನಾಗರಿಕತೆ ಹೋಯಿತು. ನಾಲ್ಕು ಪುಟ ಉಳಿಯಿತು. ಹೆಂಡತಿ ಅದನ್ನು ಓದುತ್ತಾ ಮೇಜಿನ ಮೇಲಿದ್ದ ತಕ್ಕಡಿಯಲ್ಲಿ ತಮ್ಮ ಇಸ್ತ್ರಿಪೆಟ್ಟಿಗೆ ತೂಗಿದರು. ಒಂದೂ ತಪ್ಪಾಗಲಿಲ್ಲ. ಡಾಕ್ಟರು ಕಾಲರ್ ಸರಿಮಾಡಿಕೊಂಡರು.

ಪರೀಕ್ಷೆಯ ದಿನ ಕಾರ್ಖಾನೆಯ ಮ್ಯಾನೇಜರಮ್ಮ, ಡಾಕ್ಟರ ಮಗಳ ವಯಸ್ಸಿನವರು, ಗೋಡೆ ಪಕ್ಕದ ಕುರ್ಚಿ ತೋರಿಸಿದರು. “ನಮ್ಮಲ್ಲಿ ಒಂದೇ ನಿಯಮ ಸಾರ್. ಈ ಮಷೀನು ಮುಟ್ಟಿರದವರು ನಿಮ್ಮ ಪುಸ್ತಕ ನೋಡ್ಕೊಂಡು ಇಪ್ಪತ್ತು ನಿಮಿಷದಲ್ಲಿ ನಡೆಸಬೇಕು. ನೀವು ಇಲ್ಲಿ ಕೂತಿರಿ. ಮಾತಿಲ್ಲ, ಸನ್ನೆ ಇಲ್ಲ, ಕೆಮ್ಮೂ ಇಲ್ಲ. ಗಿರಾಕಿಗೆ ನಿಮ್ಮನ್ನೂ ಪೆಟ್ಟಿಗೇಲಿಟ್ಟು ಕಳಿಸೋಕಾಗಲ್ವಲ್ಲ.”

ಓದಲು ಬಂದವರು ಕ್ಯಾಂಟೀನಿನ ಅಕ್ಕ. ಸೀಲು ಒಡೆಯದ ಪೆಟ್ಟಿಗೆ ಬಿಚ್ಚಿದರು, ತಂತಿ ಚುಚ್ಚಿದರು, ಸ್ವಿಚ್ಚು ಒತ್ತಿದರು. ತಮ್ಮ ಟೀ ಕೆಟಲನ್ನು ತಟ್ಟೆಯ ಮೇಲಿಟ್ಟರು. ಸೊನ್ನೆ. ಪಕ್ಕದಲ್ಲಿ ಲೋಟಗಳನ್ನು ಪೇರಿಸಿದರು. ಸೊನ್ನೆ. ಎರಡೂ ಕೈ ಊರಿ ಮೈಭಾರವೆಲ್ಲ ಹಾಕಿದರು.

“ನನಗೂ ಸೊನ್ನೆ ಅಂತಿದೆ! ಮೇಡಂ, ಈ ಮಷೀನು ನನಗೇ ಕೊಟ್ಬಿಡಿ.”

ಡಾಕ್ಟರಿಗೆ ಥಟ್ಟನೆ ಹೊಳೆಯಿತು. ಕೆಂಪು ಸ್ಕ್ರೂ! ಸಾಗಿಸುವಾಗ ಅಲುಗಾಡದಿರಲೆಂದು ತಕ್ಕಡಿಯ ಅಡಿಯಲ್ಲಿ ಬಿಗಿದಿರುತ್ತಾರೆ. ಸಡಿಲಿಸದಿದ್ದರೆ ಆನೆ ನಿಲ್ಲಿಸಿದರೂ ತಕ್ಕಡಿ ಜಗ್ಗದು. ಹೊಸ ತಕ್ಕಡಿ ಕಂಡರೆ ಹತ್ತೊಂಬತ್ತು ವರ್ಷದಿಂದ ಅವರ ಬೆರಳು ತಾನಾಗಿ ಅಡಿಗೆ ಹೋಗಿ ಅದನ್ನು ತಿರುಗಿಸುತ್ತಿತ್ತು. ಮನೆಯಲ್ಲೂ ಹಾಗೇ ಆಗಿತ್ತು. ತಲೆಗೆ ಸುದ್ದಿಯೇ ಮುಟ್ಟದ್ದನ್ನು ಬರೆಯುವುದು ಹೇಗೆ?

“ಅಣ್ಣಾ, ನೀವೇ ಬರೆದಿದ್ದಲ್ವಾ? ಒಂದು ಮಾತು ಹೇಳ್ಬಾರ್ದಾ?” ಅಕ್ಕ ಗೋಗರೆದರು.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಡಾಕ್ಟರು ಕೈಗಳೆರಡನ್ನೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡರು. ಕಣ್ಣ ಮುಂದೆ ಬಾವನ ಗಲ್ಲಾಪೆಟ್ಟಿಗೆ ಸುಳಿಯಿತು.

ಇಪ್ಪತ್ತು ನಿಮಿಷ ಮುಗಿಯಿತು. “ಈಗ ಮಾತಾಡಿ ಸಾರ್. ಏನಾಯ್ತು?” ಎಂದರು ಮ್ಯಾನೇಜರಮ್ಮ.

ಹೇಳಲು ನೆಪಗಳಿಗೇನು ಬರವೇ? ಯಂತ್ರವೇ ಕೆಟ್ಟಿದೆ ಎನ್ನಬಹುದಿತ್ತು. ಡಾಕ್ಟರು ಅಂದರೆ ನಂಬುವವರೂ ಇದ್ದರು. ಆದರೆ ಕೆಟಲ್ ಹಿಡಿದು ಮುಖ ಸಪ್ಪಗೆ ಮಾಡಿಕೊಂಡಿದ್ದ ಅಕ್ಕನನ್ನು ನೋಡಿ ಅವರಿಗೆ ನೆಪ ಹೇಳಲು ಬಾಯಿ ಬರಲಿಲ್ಲ.

“ಅಡಿಯಲ್ಲಿ ಒಂದು ಸ್ಕ್ರೂ ಇದೆ ಮೇಡಂ. ಸಡಿಲಿಸಬೇಕು. ನಾನು ಬರೆದಿಲ್ಲ. ಇವರದ್ದೇನೂ ತಪ್ಪಿಲ್ಲ.”

ಮ್ಯಾನೇಜರಮ್ಮ ಗಡಿಯಾರ ನೋಡಿದರು. “ಹೋದ ವಾರ ಬೇರೆ ಮಷೀನಿಗೆ ಪುಸ್ತಕ ಬರೆದು ತಂದವರು ಅಕ್ಕನಿಗೆ ಓದೋಕೇ ಬರಲ್ಲ ಅಂದ್ರು. ಮೂರು ಗಂಟೆಗೆ ಇನ್ನೊಂದು ಸಲ ನೋಡೋಣ. ಓದೋಕೆ ವಾಚ್‌ಮನ್ ಬರ್ತಾರೆ. ಅಕ್ಕ ಈಗ ಪಂಡಿತರಾಗಿಬಿಟ್ರು.”

ಸ್ಕ್ರೂ ಸೇರಿಸಲು ಒಂದು ನಿಮಿಷ ಸಾಕಿತ್ತು. ಆದರೆ ಡಾಕ್ಟರಿಗೆ ಈಗ ಬೇರೆಯೇ ಭಯ ಹಿಡಿಯಿತು: ತಮ್ಮ ಕೈಗಳು ತಮಗೆ ಹೇಳದೆ ಇನ್ನೂ ಏನೇನು ಮಾಡಿವೆಯೋ! ಇಷ್ಟು ವರ್ಷ ಹೊಗಳಿಸಿಕೊಂಡ ಕೈಗಳನ್ನು ಅವರು ಕಳ್ಳರನ್ನು ನೋಡಿದಂತೆ ನೋಡಿದರು. ಕೊನೆಗೆ ಕ್ಯಾಂಟೀನಿಗೆ ಹೋದರು.

“ಅಕ್ಕಾ, ಇನ್ನೊಂದು ಪೆಟ್ಟಿಗೆ ಇದೆ. ನೀವು ಬಿಚ್ಚಿ, ನಿಮ್ಮ ಕೈ ಏನು ಮಾಡುತ್ತೋ ನಾನು ಬರ್ಕೊಳ್ತೀನಿ.”

“ಬೆಳಗ್ಗೆ ನಾನು ಅಷ್ಟು ಬೇಡ್ಕೊಂಡ್ರೂ ಬಾಯಿ ಬಿಡ್ಲಿಲ್ಲ, ಈಗ ಅಕ್ಕ ನೆನಪಾದ್ಲಾ?” ಎನ್ನುತ್ತಲೇ ಅಕ್ಕ ಸೆರಗು ಸಿಕ್ಕಿಸಿದರು. “ಸರಿ, ಬರ್ಕೊಳ್ಳಿ. ಮೊದಲು ಕತ್ತರಿ ಹುಡುಕಿದೆ.”

ಕೈಪಿಡಿಯಲ್ಲಿ ಕತ್ತರಿಯೂ ಇರಲಿಲ್ಲ. ಹೀಗೆ ಏಳು ಸಂಗತಿ ಸಿಕ್ಕವು.

ಮೂರು ಗಂಟೆಗೆ ವಾಚ್‌ಮನ್ ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿದರು. ತಕ್ಕಡಿ ಮಗುಚಿ ಸ್ಕ್ರೂ ತಿರುಗಿಸಿದರು. ಎಂಟನೇ ಸಾಲಿನಲ್ಲಿ ನಿಂತುಬಿಟ್ಟರು. ಡಾಕ್ಟರು ಕುರ್ಚಿಯ ತುದಿಗೆ ಸರಿದರು. ವಾಚ್‌ಮನ್ ಕನ್ನಡಕ ಒರೆಸಿಕೊಂಡು ಮುಂದುವರಿದು, ತಮ್ಮ ಟೋಪಿ ತೆಗೆದು ತಟ್ಟೆಯ ಮೇಲಿಟ್ಟರು. ನೂರಾ ನಲವತ್ತು ಗ್ರಾಂ.

ಸಂಜೆ ಡಾಕ್ಟರು ಎರಡನೇ ಮಾದರಿಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಮನೆಯಲ್ಲಿ ಅದನ್ನು ಹೆಂಡತಿಯ ಮುಂದಿಟ್ಟು, ಪೆನ್ನು ಹಿಡಿದು, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು.

“ನೀನೇ ಬಿಚ್ಚು. ನಾನು ಮುಟ್ಟಲ್ಲ.”

“ಯಾಕೆ, ಒಳಗೆ ಹಾವಿದೆಯಾ?” ಎಂದರು ಹೆಂಡತಿ, ಹೊಲಿಗೆ ನಿಲ್ಲಿಸದೆ.