ಅವರು ಕತ್ತರಿಸಿದ ಅರ್ಧ

ಕೊರಿಯರ್‌ನವರು ಪೊಟ್ಟಣವನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. "ಮೇಡಂ, ಇದ್ರಲ್ಲಿ ಏನೋ ಸೋರ್ತಾ ಇದೆ. ಉಪ್ಪಿನಕಾಯಾ?" ಎಂದರು. ಅಲ್ಲ ಎಂದೆ. ಹೊರಗಿನ ಕಾಗದದ ಒಂದು ಮೂಲೆ ಕಂದಾಗಿತ್ತು. ಬಿಚ್ಚುವ ಮೊದಲೇ ವಾಸನೆ ಬಂತು. ಹಸಿ ಗೋಡಂಬಿ ಸಿಪ್ಪೆಯ ಎಣ್ಣೆಯದು. ಸ್ವಲ್ಪ ಡಾಂಬರಿನ ಹಾಗೆ, ಸ್ವಲ್ಪ ಕಳಿತ ಹಣ್ಣಿನ ಹಾಗೆ. ಒಳಗೆ ಬಟ್ಟೆಯ ಎರಡು ಗಂಟುಗಳಿದ್ದವು. ಜೆ.ಪಿ. ನಗರದ ನನ್ನ ಈ ಪುಟ್ಟ ಆಫೀಸಿನ ಮೇಜಿನ ಮೇಲೆ ಅವನ್ನಿಟ್ಟೆ. ಎರಡು ಗಂಟು ಯಾಕೆ ಎಂದು ಕಂಡೊಡನೆ ತಿಳಿದು ನಗಬೇಕಾಗಿದ್ದವರು ಈಗ ಇಲ್ಲ...

ನಾವೆಲ್ಲ ಅವರನ್ನು ಕಟಿಂಗ್ ಅಕ್ಕ ಎನ್ನುತ್ತಿದ್ದೆವು. ನಾನು ಮೊದಲು ಕೆಲಸಕ್ಕೆ ಸೇರಿದ್ದು ಬನಶಂಕರಿ ಎರಡನೇ ಹಂತದಲ್ಲಿ, ಸ್ಟೀಲ್ ಪಾತ್ರೆ ಅಂಗಡಿಯ ಮೇಲಿದ್ದ ಒಂದು ಆಮದು ಸಂಸ್ಥೆಗೆ. ಪಶ್ಚಿಮ ಆಫ್ರಿಕಾದಲ್ಲಿ ಬೆಳೆದ ಗೋಡಂಬಿಯನ್ನು ಸಿಪ್ಪೆ ಸಮೇತ ತರಿಸಿ ಕರಾವಳಿಯ ಕಾರ್ಖಾನೆಗಳಿಗೆ ಮಾರುವುದು ನಮ್ಮ ವ್ಯಾಪಾರ. ಅಲ್ಲಿ ಬೆಳೆ ಹೇರಳ, ಸುಲಿಯುವ ಕಾರ್ಖಾನೆ ಕಡಿಮೆ. ಇಲ್ಲಿ ಕಾರ್ಖಾನೆ ಬಹಳ, ಬೆಳೆ ಸಾಲದು. ನಾನು ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಸರಕು ನೋಡುತ್ತಿದ್ದವರು ಅಕ್ಕ.

ಅವರು ಹುಟ್ಟಿದ್ದು ಕತ್ರಿಗುಪ್ಪೆಯಲ್ಲಿ, ಅದಿನ್ನೂ ಹಳ್ಳಿಯಾಗಿದ್ದಾಗ. ಮದುವೆಯಾಗಿ ಕರಾವಳಿಗೆ ಹೋಗಿ ಗೋಡಂಬಿ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಸಿಪ್ಪೆ ಸುಲಿದಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಒಂದು ಹಿಡಿ ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿ, ಒಣಗಿದೆಯೋ ಇಲ್ಲವೋ ಹೇಳುತ್ತಿದ್ದರು. ಚೀಲದ ಬಾಯಿಯಿಂದ ಎಂದೂ ಮಾದರಿ ತೆಗೆಯುತ್ತಿರಲಿಲ್ಲ. ಮೊಣಕೈವರೆಗೆ ಕೈ ಇಳಿಸಿ ನಡುವಿನಿಂದ ತೆಗೆಯುತ್ತಿದ್ದರು.

ಕಟಿಂಗ್ ಪರೀಕ್ಷೆ ಹೀಗೆ. ಎರಡು ಕಿಲೋ ಕಾಯಿ ತೆಗೆದುಕೊಂಡು, ಅಡಕತ್ತರಿಯಂಥ ಒಂದು ಕತ್ತರಿಯಲ್ಲಿ ಪ್ರತಿಯೊಂದನ್ನೂ ಎರಡು ಹೋಳು ಮಾಡಬೇಕು. ಬಿಳಿ ತಿರುಳು, ಚುಕ್ಕೆ ಬಿದ್ದದ್ದು, ಕೊಳೆತದ್ದು ಎಂದು ಮೂರು ಗುಡ್ಡೆ. ಕೊನೆಗೆ, ಎಂಬತ್ತು ಕಿಲೋ ಚೀಲಕ್ಕೆ ಇಷ್ಟು ಪೌಂಡ್ ತಿರುಳು ಎಂದು ಒಂದು ಅಂಕಿ ಬರುತ್ತದೆ. ಆ ಅಂಕಿಯ ಮೇಲೆ ಬೆಲೆ. ಅಕ್ಕನ ಹತ್ತಿರ ಎರಡು ಕತ್ತರಿಗಳಿದ್ದವು. ಯಾವ ಏಜೆಂಟ್ ಬಂದರೂ ಅರ್ಧ ಕಾಯಿಯನ್ನು ಅವನ ಮುಂದೆ ಸುರಿದು, ಇನ್ನೊಂದು ಕತ್ತರಿ ಕೊಟ್ಟು, "ಅರ್ಧ ನೀವು ಕತ್ತರಿಸಿ ಸಾರ್" ಎನ್ನುತ್ತಿದ್ದರು. ಶರ್ಟಿಗೆ ಕಲೆಯಾಗುತ್ತದೆ ಎಂದು ಅವನು ಹಿಂಜರಿದರೆ, "ನಂಬಿಕೆಗಿಂತ ಶರ್ಟು ದುಬಾರಿನಾ?" ಎಂದು ಹರಳೆಣ್ಣೆಯ ಬಟ್ಟಲು ಮುಂದೆ ಸರಿಸುತ್ತಿದ್ದರು. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಹರಳೆಣ್ಣೆ ಹಚ್ಚಿಕೊಳ್ಳದೆ ಮುಟ್ಟುವಂತಿಲ್ಲ.

ಆ ವರ್ಷ ಯಜಮಾನರು ನಡುವಿನ ಏಜೆಂಟರನ್ನು ಬಿಟ್ಟು, ನೇರವಾಗಿ ಅಲ್ಲಿನ ರೈತ ಹೆಂಗಸರ ಸಂಘದಿಂದ ಕೊಳ್ಳಲು ನಿರ್ಧರಿಸಿದರು. ಅಕ್ಕ ಹೋಗುವುದು, ಅವರ ಜೊತೆ ನಾನು. "ಅಲ್ಲಿ ಊಟಕ್ಕೆ ಏನ್ ಮಾಡ್ತೀರಾ ಅಕ್ಕ?" ಎಂದು ಯಜಮಾನರು ಕೇಳಿದರು. "ಗೋಡಂಬಿ ಬೆಳೆಯೋ ಊರಲ್ಲಿ ಹಸ್ಕೊಂಡು ಸತ್ತೋರಿದಾರಾ ಸಾರ್?" ಎಂದರು ಅಕ್ಕ. ಬಸ್ ನಿಲ್ದಾಣದ ಹತ್ತಿರ ಒಂದು ಸ್ವೆಟರ್ ಕೊಂಡರು. ಅಲ್ಲಿ ಸೆಕೆ ಅಕ್ಕ ಎಂದರೆ, ವಿಮಾನದಲ್ಲಿ ಚಳಿಯಂತೆ ಎಂದರು.

ಪಾಸ್‌ಪೋರ್ಟ್ ಹೇಗೋ ಆಯಿತು. ವೀಸಾದ ಕಚೇರಿಯಲ್ಲಿ ಬೆರಳಚ್ಚು ಕೇಳಿದರು. ಹತ್ತು ಬೆರಳಲ್ಲಿ ಒಂದನ್ನೂ ಮಷೀನು ತೆಗೆದುಕೊಳ್ಳಲಿಲ್ಲ. ಒರೆಸಿ ಇಟ್ಟರು, ಒತ್ತಿ ಇಟ್ಟರು. ಹದಿನೆಂಟು ವರ್ಷದ ಸಿಪ್ಪೆ ಎಣ್ಣೆ ಗೆರೆಗಳನ್ನೆಲ್ಲ ತಿಂದು ಹಾಕಿತ್ತು. ಬೇರೆ ಕಾಗದಗಳನ್ನು ತಂದು ಮತ್ತೆ ಬನ್ನಿ ಎಂದರು. ಅಷ್ಟರಲ್ಲಿ ಸುಗ್ಗಿ ಮುಗಿಯುತ್ತಿತ್ತು. ಆಟೋದಲ್ಲಿ ವಾಪಸು ಬರುವಾಗ ಅಕ್ಕ ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು. "ಇಷ್ಟು ವರ್ಷ ಕಳ್ಳತನ ಮಾಡಿದ್ರೂ ಯಾರೂ ಹಿಡೀತಿರ್ಲಿಲ್ಲ ಕಣೆ. ದಡ್ಡಿ ನಾನು, ದುಡಿದೆ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಮರುದಿನ ಎರಡು ಕತ್ತರಿಗಳನ್ನೂ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ನನಗೆ ಕೊಟ್ಟರು. "ನೀನೊಬ್ಳೇ ಹೋಗು. ಎರಡನ್ನೂ ತಗೊಂಡ್ಹೋಗು."

ಆ ಗೋದಾಮು ನನಗೆ ಚೆನ್ನಾಗಿ ನೆನಪಿದೆ. ತಗಡಿನ ಸೂರು, ಸಾಲುಸಾಲು ಗೋಣಿ, ಬಾಗಿಲ ಬಳಿ ನೆಲದ ಮೇಲೆ ಕುಳಿತ ಮೂವತ್ತು ಹೆಂಗಸರು. ಅವರ ಮುಖ್ಯಸ್ಥೆ ಎತ್ತರದ ಹೆಂಗಸು. ಆಕೆಯ ಮಾತನ್ನು ಶಾಲೆಯ ಮೇಷ್ಟ್ರೊಬ್ಬರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಕೊಳ್ಳುವವರು ಪ್ರತಿ ವರ್ಷ ಬರುತ್ತಾರೆ, ಕತ್ತರಿಸುತ್ತಾರೆ, ತಲೆ ಅಲ್ಲಾಡಿಸುತ್ತಾರೆ. ಅವರ ಪ್ರಕಾರ ನಮ್ಮ ಕಾಯಿ ಒಂದು ಸಲವೂ ಚೆನ್ನಾಗಿದ್ದದ್ದಿಲ್ಲ ಎಂದಳಂತೆ. ಹೆಂಗಸರು ನಕ್ಕರು. ಅದು ಸಂತೋಷದ ನಗುವಲ್ಲ.

ನಾನು ಎರಡು ಕಿಲೋ ತೆಗೆದು ಅರ್ಧವನ್ನು ಆಕೆಯ ಮುಂದೆ ಸುರಿದೆ. ಎರಡನೇ ಕತ್ತರಿ ಕೊಟ್ಟೆ. ಆಕೆ ಕತ್ತರಿಯನ್ನು ತಿರುಗಿಸಿ ನೋಡಿ, ಬಳಿಕ ನನ್ನನ್ನು ನೋಡಿದಳು. ಆಮೇಲೆ ನನ್ನ ಎದುರಿಗೆ ಕುಳಿತಳು. ಕತ್ತರಿಯ ಸದ್ದು ಮಾತ್ರ... ಆಕೆಯ ಅರ್ಧಕ್ಕೂ ನನ್ನ ಅರ್ಧಕ್ಕೂ ಬಂದ ಅಂಕಿ ಒಂದೇ: ನಲವತ್ತೆಂಟು. ಒಳ್ಳೆಯ ಕಾಯಿ.

ಯಜಮಾನರಿಗೆ ಅಂಕಿ ತಿಳಿಸಿದ್ದೆ. ಮಧ್ಯಾಹ್ನ ಅವರ ಫೋನು ಬಂತು. "ನಲವತ್ತಾರು ಅಂತ ರಿಪೋರ್ಟ್ ಕಳ್ಸಮ್ಮ. ಅವರ ಮುಂದೆ ಕತ್ತರಿಸಿದ್ದು ಇರ್ಲಿ. ರೂಮಲ್ಲಿ ಇನ್ನೊಂದ್ಸಲ ಕತ್ತರಿಸ್ದೆ, ಕಮ್ಮಿ ಬಂತು ಅನ್ನು. ಎಲ್ರೂ ಮಾಡೋದೇ." ಅವರು ಕೆಟ್ಟವರಾಗಿರಲಿಲ್ಲ. ಆ ವ್ಯಾಪಾರದಲ್ಲಿ ಎಲ್ಲರೂ ಮಾಡುವುದೇ ಅದು. ಮಳೆ ಹತ್ತಿರವಿತ್ತು, ನೆನೆದರೆ ಕಾಯಿ ಕಪ್ಪಾಗುತ್ತದೆ. ಇನ್ನೊಬ್ಬ ಗಿರಾಕಿಗೆ ಕಾಯಲು ಆ ಹೆಂಗಸರಿಗೆ ಸಮಯವಿರಲಿಲ್ಲ. ನಾನು ಏನು ಬರೆದರೂ ಅವರು ಒಪ್ಪಲೇಬೇಕಿತ್ತು. ಅದು ಅವರ ಇಡೀ ವರ್ಷದ ಬೆಳೆ. ನನಗಿದ್ದದ್ದು ಒಂದು ಕೆಲಸ, ಅದೂ ಹೋಗಬಹುದಿತ್ತು.

ಅಕ್ಕನಿಗೆ ಫೋನು ಮಾಡಿದೆ. ಬೆಂಗಳೂರಿನಲ್ಲಿ ಆಗಲೇ ರಾತ್ರಿಯ ಅಡುಗೆಯ ಹೊತ್ತು, ಹಿಂದೆ ಕುಕ್ಕರ್ ಕೂಗುತ್ತಿತ್ತು. ಎಲ್ಲ ಕೇಳಿಸಿಕೊಂಡು, "ಅವಳು ನಿನ್ನ ಎದುರಿಗೆ ಕೂತು ಅರ್ಧ ಕತ್ತರಿಸಿದ್ಲು ತಾನೆ?" ಎಂದರು.

"ಹೌದಕ್ಕ."

"ನಿನ್ನ ಅರ್ಧನ ನೀನು ಏನ್ ಬೇಕಾದ್ರೂ ಬರ್ಕೋ. ಅವಳ ಅರ್ಧನ ಹೆಂಗೆ ಅಳಿಸ್ತೀಯ?"

ಸಾರ್‌ಗೆ ಏನು ಹೇಳಲಿ ಎಂದೆ. "ಸಾರ್ ಬೈದ್ರೆ ನನ್ನ ಹೆಸರು ಹೇಳು. ನಂಗೆ ಬೈಸ್ಕೊಂಡು ಅಭ್ಯಾಸ ಇದೆ. ಫೋನ್ ಇಡ್ಲಾ, ಒಲೆ ಮೇಲೆ ಸಾರು ಉಕ್ತಾ ಇದೆ" ಎಂದರು.

ನಲವತ್ತೆಂಟು ಎಂದೇ ಬರೆದೆ. ಹೊರಡುವಾಗ ಆ ಮುಖ್ಯಸ್ಥೆ ಕತ್ತರಿಯನ್ನು ಒರೆಸಿ ವಾಪಸು ಕೊಡಲು ಬಂದಳು. ಇಟ್ಟುಕೊಳ್ಳಿ ಎಂದೆ. ನನ್ನದಲ್ಲದ ವಸ್ತು ಅದು. ಕೇಳದೆ ಕೊಟ್ಟುಬಿಟ್ಟೆ.

ಬೆಂಗಳೂರಿಗೆ ಬಂದ ಮರುದಿನ ಯಜಮಾನರು ಇಬ್ಬರನ್ನೂ ಕರೆದರು. ಲಾಭ ಎಷ್ಟು ತೆಳುವಾಯಿತು ಎಂದು ಹೇಳಿ, "ಇದನ್ನೆಲ್ಲ ಯಾರು ಹೇಳ್ಕೊಟ್ಟಿದ್ದು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ನಾನೇ ಸಾರ್. ಅವಳಿಗೇನ್ ಗೊತ್ತು" ಎಂದರು. ಬರೆದದ್ದು ನನ್ನ ಕೈ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದೆ. ಮುಂದಿನ ವಾರದಿಂದ ಅಕ್ಕನನ್ನು ಕೆಲಸಕ್ಕೆ ಕರೆಯಲಿಲ್ಲ. ಎರಡು ತಿಂಗಳಿಗೆ ಸರಕು ಬಂದು ಕಾರ್ಖಾನೆಯವರು ಕತ್ತರಿಸಿದಾಗಲೂ ನಲವತ್ತೆಂಟೇ ಬಂತು. ಅವರು ಮುಂದಿನ ವರ್ಷದ ಸರಕಿಗೂ ನಮ್ಮಲ್ಲೇ ಹೇಳಿಟ್ಟರು. ಯಜಮಾನರು ನನ್ನನ್ನು ಹೊಗಳಿದರು. ಅಕ್ಕನಿಗೂ ಹೇಳಿ ಕಳಿಸಿದರು, ಅವರು ಬರಲಿಲ್ಲ. ಅಷ್ಟರಲ್ಲಿ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಅಡುಗೆಗೆ ಸೇರಿದ್ದರು.

ಕ್ಷಮೆ ಕೇಳಲೆಂದು ಕತ್ರಿಗುಪ್ಪೆಯ ಅವರ ಮನೆಗೆ ಹೋಗಿದ್ದೆ. ಕೇಳಲು ಬಿಡಲಿಲ್ಲ. ಉಪ್ಪಿಟ್ಟು ಹಾಕಿಕೊಟ್ಟು, ಆ ಊರಿನ ಹೆಂಗಸರು ಏನು ಉಡುತ್ತಾರೆ, ಗೋಡಂಬಿ ಹಣ್ಣಿನ ರಸವನ್ನು ಏನು ಮಾಡುತ್ತಾರೆ ಎಂದೆಲ್ಲ ವಿಚಾರಿಸಿದರು. ಕೊನೆಗೆ ಕತ್ತರಿಯ ವಿಷಯ ಹೇಳಿದೆ. ನನ್ನ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದರು. "ಹೋಗ್ಲಿ ಬಿಡು. ನಂಗೆ ಹೋಗೋಕ್ಕಾಗ್ಲಿಲ್ಲ. ಅದಾದ್ರೂ ಹೋಯ್ತಲ್ಲ" ಎಂದರು.

ನಾನು ಸ್ವಂತ ವ್ಯಾಪಾರ ಶುರುಮಾಡಿ ಏಳು ವರ್ಷ. ಆ ಸಂಘವೇ ನನ್ನ ಮೊದಲ ಸಂಬಂಧ, ಈಗಲೂ ಮುಖ್ಯ ಸಂಬಂಧ. ನನ್ನ ಮನೆಯಲ್ಲಿ ಬೇಯುವ ಅನ್ನದಲ್ಲಿ ಅಕ್ಕನ ಪಾಲಿದೆ. ಹೋದ ಸುಗ್ಗಿಯಲ್ಲಿ ನಾನು ಅಲ್ಲಿದ್ದಾಗ ಅವರು ತೀರಿಕೊಂಡರು. ಸುದ್ದಿ ನಾಲ್ಕು ದಿನ ತಡವಾಗಿ ತಿಳಿಯಿತು. ಆ ಕ್ಯಾಲೆಂಡರ್ ನೋಡುತ್ತ ನಿಂತದ್ದಕ್ಕೆ ಕ್ಷಮೆ ಕೇಳುವುದು ಹಾಗೇ ಉಳಿಯಿತು...

ಗಂಟುಗಳನ್ನು ಬಿಚ್ಚಿದೆ. ಒಂದರಲ್ಲಿ ಒಂದು ಕಿಲೋ ಇಡೀ ಕಾಯಿ. ಇನ್ನೊಂದರಲ್ಲಿ, ಅಲ್ಲೇ ಕತ್ತರಿಸಿ ಮೂರು ಪಾಲು ಮಾಡಿ ಕಟ್ಟಿದ ಹೋಳುಗಳು, ಎಣ್ಣೆ ಸೋರುತ್ತಿದ್ದದ್ದು ಅವುಗಳಿಂದಲೇ. ಸಂಘದವರು ಪ್ರತಿ ವರ್ಷ ಹೀಗೇ ಕಳಿಸುತ್ತಾರೆ, ನಾನು ಕೇಳಿದ್ದಲ್ಲ. ಆ ಹೆಂಗಸರಲ್ಲಿ ಯಾರೂ ಅಕ್ಕನನ್ನು ನೋಡಿಲ್ಲ.

ಹರಳೆಣ್ಣೆ ಹಚ್ಚಿಕೊಂಡು ನನ್ನ ಅರ್ಧವನ್ನು ಕತ್ತರಿಸಿದೆ. ಮುಗಿಯುವ ಹೊತ್ತಿಗೆ ಅಲ್ಲಿನ ಶಾಲೆಯ ಮೇಷ್ಟ್ರ ಸಂದೇಶ ಬಂದಿತ್ತು: ನಿಮ್ಮದೆಷ್ಟು ಬಂತು ಎಂದು ಕೇಳುತ್ತಿದ್ದಾರೆ. ಕೈ ತೊಳೆದು, ಒರೆಸಿ, ಫೋನಿನ ಮೇಲೆ ಹೆಬ್ಬೆಟ್ಟು ಒತ್ತಿದೆ. ತೆರೆಯಲಿಲ್ಲ. ಇನ್ನೊಮ್ಮೆ ಒರೆಸಿ ಒತ್ತಿದೆ. ಈ ಸುಗ್ಗಿಯಲ್ಲಿ ಅದು ನನ್ನ ಬೆರಳನ್ನು ಗುರುತು ಹಿಡಿಯುತ್ತಿಲ್ಲ. ಪಿನ್ ಒತ್ತಿ ತೆರೆದು, ಬಂದದ್ದನ್ನೇ ಬರೆದೆ.

ನಲವತ್ತೇಳೂವರೆ.