ಚೈತ್ರಾ ಹೇಳಲು ಬಂದದ್ದು

ಸುಮಾ ಮೇಡಂ, ನಿಮ್ಮ ಪಾಠ ಕೇಳಿ ನನ್ನ ಮಗಳು ರಾತ್ರಿಯೆಲ್ಲ ಅತ್ತಳು ಎಂದು ಅಂದು ನಾನು ಶಾಲೆಯಲ್ಲಿ ಕೂಗಾಡಿದ್ದು ಶುದ್ಧ ಸುಳ್ಳು. ಅವಳು ಅತ್ತಿರಲಿಲ್ಲ. ಹೆದರಿದವಳು ನಾನು.

ನಿಮಗೆ ನನ್ನ ನೆನಪಿದೆಯೋ ಇಲ್ಲವೋ — ಚಾಮರಾಜಪೇಟೆಯ ತರಕಾರಿ ಅಂಗಡಿ ಜಯಮ್ಮ, ಏಳನೇ ಕ್ಲಾಸಿನ ಚೈತ್ರಾಳ ತಾಯಿ. ಬಾಯಿ ಜೋರು ಅಂತ ಬೀದಿಗೆಲ್ಲ ಗೊತ್ತು. ನೀವು ಆಗಷ್ಟೇ ಹೊಸದಾಗಿ ಬಂದಿದ್ದಿರಿ. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಮೈ ಬೆಳೆಯುವುದರ ಬಗ್ಗೆ, ಮುಟ್ಟಿನ ಬಗ್ಗೆ, ಯಾರು ಹೇಗೆ ನಡೆದುಕೊಂಡರೆ ತಪ್ಪು ಎನ್ನುವುದರ ಬಗ್ಗೆ ಮಕ್ಕಳಿಗೆ ಹೇಳಿಕೊಡುತ್ತಿದ್ದಿರಿ.

ಒಂದು ಶನಿವಾರ ಚೈತ್ರಾ ಬ್ಯಾಗೂ ಇಳಿಸದೆ ನನ್ನ ಪಕ್ಕ ಬಂದು ಕೂತಳು. ನಾನು ಅವರೆಕಾಯಿ ಸುಲಿಯುತ್ತಿದ್ದೆ.

"ಅಮ್ಮ, ಯಾರ್ಗೂ ಹೇಳ್ಬೇಡ ಅಂತ ದೊಡ್ಡೋರು ಅಂದಿದ್ರೂ ಹೇಳ್ಬೋದಂತೆ. ತಪ್ಪು ನಮ್ದಲ್ವಂತೆ, ಮೇಡಂ ಹೇಳಿದ್ರು. ಅಮ್ಮ, ಮಾವ ಇದಾರಲ್ಲ—"

"ಬಾಯ್ಮುಚ್ಚೆ!" ಅಂದೆ. ಮುಚ್ಚಿದಳು.

ಮಾವ ಎಂದರೆ ನನ್ನ ಅಣ್ಣ. ನನ್ನ ಗಂಡ ಹೋದ ಮೇಲೆ ನಮ್ಮ ಮನೆಯಲ್ಲೇ ಇದ್ದು, ಬೆಳಗಿನ ಜಾವ ಮಾರ್ಕೆಟ್ಟಿಗೆ ಹೋಗಿ ಮಾಲು ತಂದು, ಅಂಗಡಿ ಮುಳುಗದಂತೆ ನೋಡಿಕೊಂಡವನು. ಅವಳು ಏನು ಹೇಳಲು ಬಂದಳೋ ನನಗೆ ತಿಳಿಯಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತಾರಲ್ಲ — ಬೇಲಿ ಹೋದರೆ ನನ್ನ ಗತಿಯೇನು ಎಂದು ಯೋಚಿಸಿದೆನೇ ಹೊರತು ಹೊಲದ ಕಡೆ ತಿರುಗಿಯೂ ನೋಡಲಿಲ್ಲ.

ಆ ಪಾಠ ಹೀಗೇ ನಡೆದರೆ ಅವಳು ನಿಮ್ಮ ಹತ್ತಿರ ಬಾಯಿಬಿಟ್ಟಾಳು — ಆ ಭಯಕ್ಕೆ ಮರುವಾರವೇ ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಶಾಲೆಗೆ ಬಂದೆ. ಹೆಣ್ಣುಮಕ್ಕಳಿಗೆ ಹೊಲಸು ಹೇಳಿಕೊಡ್ತಾರೆ ಎಂದು ಬಾಯಿಬಡಿದುಕೊಂಡೆ. ಹೆಡ್ಮಾಸ್ಟರು ಪಾಠ ನಿಲ್ಲಿಸಿದರು. ನನ್ನ ಮಗಳಿಗಷ್ಟೇ ಅಲ್ಲ, ಆ ಕ್ಲಾಸಿನ ಎಲ್ಲ ಮಕ್ಕಳಿಗೂ ಸಿಗಬೇಕಾದದ್ದನ್ನು ಕಿತ್ತುಕೊಂಡೆ. ನೀವು ಜಗಳವಾಡಲಿಲ್ಲ. "ಅಮ್ಮ, ಮಗು ಯಾಕೆ ಅತ್ತಳು ಅಂತ ಒಂದ್ಸಲ ಕೂತ್ಕೊಂಡು ಕೇಳಿ" ಅಂದಿರಿ. ಸೆರಗು ಸಿಕ್ಕಿಸಿಕೊಂಡು ಹೊರಟುಬಿಟ್ಟೆ. ಆ ವರ್ಷ ಮುಗಿಯುವ ಮೊದಲೇ ನೀವು ಶಾಲೆ ಬಿಟ್ಟಿರೆಂದು ಕೇಳಿ — ಹೇಳಲೇ? — ಹಾಯೆನಿಸಿತು.

ಮರುವರ್ಷ ಚೈತ್ರಾ ದೊಡ್ಡವಳಾದಳು. ನಮ್ಮಲ್ಲಿ ಸೋದರಮಾವನೇ ಹಸಿರು ಸೊಪ್ಪು ತಂದು ಗುಡ್ಲು ಹಾಕಬೇಕು, ಅದರೊಳಗೆ ಹುಡುಗಿಯನ್ನು ಕೂರಿಸಿ ಆರತಿ ಎತ್ತಬೇಕು. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದು "ಮಾವ ಬೇಡಮ್ಮ" ಅಂದಳು. ನನಗೆ ನೆಂಟರು ಏನೆಂದಾರು ಎನ್ನುವುದೇ ಚಿಂತೆ. ಅವನು ಹಾಕಿದ ಗುಡ್ಲಿನೊಳಗೆ ನನ್ನ ಕೈಯಾರೆ ಕೂರಿಸಿದೆ. ಚಿಗಳಿ ಉಂಡೆ ಬಾಯಿಗಿಟ್ಟರೆ ತಿನ್ನಲಿಲ್ಲ. ಹುಡುಗಿಗೆ ನಾಚಿಕೆ ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ, ಮೇಡಂ.

ಪಿಯುಸಿಗೆ ಹಾಸ್ಟೆಲ್ ಸೇರಿದವಳು ಮತ್ತೆ ಮನೆಯಲ್ಲಿ ಉಳಿಯಲಿಲ್ಲ. ಈಗ ಮೈಸೂರಿನಲ್ಲಿ ಕೆಲಸದಲ್ಲಿದ್ದಾಳೆ. ಹೋದ ಯುಗಾದಿಗೆ ನಾನೇ ಅಲ್ಲಿಗೆ ಹೋದಾಗ ಎಲ್ಲ ಹೇಳಿದಳು. ಅದು ಅವಳದು, ಇಲ್ಲಿ ಬರೆಯುವುದಿಲ್ಲ. ಕೊನೆಗೆ ಅಂದದ್ದಿಷ್ಟು: "ಅವತ್ತು ಹೇಳೋಕೆ ಧೈರ್ಯ ಬಂದಿತ್ತು. ನೀನು ಬಾಯಿ ಮುಚ್ಚಿಸ್ದೆ. ಆಮೇಲೂ ಅದು ನಿಲ್ಲಲಿಲ್ಲ, ಗೊತ್ತಾ?" ಆಮೇಲೂ — ನಾನು ಪಕ್ಕದ ಕೋಣೆಯಲ್ಲಿ ಇದ್ದುಕೊಂಡೇ —

ಯುಗಾದಿಯ ಮಾರನೆಯ ದಿನವೇ ಅಣ್ಣನನ್ನು ಮನೆಯಿಂದ ಕಳಿಸಿದೆ. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಆಗಲೂ ಮುಚ್ಚಿಟ್ಟೆ.

ಮೊನ್ನೆ ನನ್ನ ತಂಗಿ ಫೋನ್ ಮಾಡಿದ್ದಳು. ಅವಳ ಮಗಳೂ ದೊಡ್ಡವಳಾಗಿದ್ದಾಳೆ. "ಭಾನುವಾರ ಗುಡ್ಲು ಹಾಕೋಕೆ ಅಣ್ಣ ಬರ್ತೀನಿ ಅಂದಿದಾನೆ ಕಣಕ್ಕ. ಪಾಪ, ಈ ಮಗು ಅಂದ್ರೆ ಅವನಿಗೆ ಪ್ರಾಣ."

ಅಂದಿನಿಂದ ಅನ್ನ ಸೇರುತ್ತಿಲ್ಲ. ತಂಗಿ ನಂಬದಿದ್ದರೆ? ಅವಳೂ ನನ್ನಂತೆಯೇ ಬಾಯಿ ಮುಚ್ಚಿಸಿದರೆ? ಆ ಮಗುವಿಗೆ ಈಗಾಗಲೇ — ಯೋಚಿಸಲು ಆಗುತ್ತಿಲ್ಲ. ನಾಳೆ ಬೆಳಿಗ್ಗೆಯೇ ಹೋಗುತ್ತೇನೆ. ಅಣ್ಣ ಅಲ್ಲೇ ಇದ್ದರೆ ಅವನೆದುರಿಗೇ ಹೇಳುತ್ತೇನೆ.

ಹೇಳಬಹುದೇ ಎಂದು ಚೈತ್ರಾಳನ್ನು ಫೋನಿನಲ್ಲಿ ಕೇಳಿದೆ.

"ಹೇಳು, ನನ್ನ ಹೆಸರನ್ನೂ ಹೇಳು," ಅಂದಳು. "ಆ ಹುಡುಗಿ ಏನಾದ್ರೂ ಹೇಳೋಕೆ ಬಂದ್ರೆ ಮಾತ್ರ, ಅಮ್ಮ — ಪೂರ್ತಿ ಕೇಳು."