ಬದುವಿನ ಮೇಲೆ ನಿಂತ ಕಾಕಾ

ಎಳ್ಳಮವಾಸ್ಯೆಯ ಬೆಳಿಗ್ಗೆ ಕಲಘಟಗಿಯ ನಮ್ಮ ಓಣಿಯಲ್ಲಿ ಯಾರದೋ ಮನೆಯಿಂದ ಸಜ್ಜೆ ರೊಟ್ಟಿಯ ಮೇಲೆ ಎಳ್ಳು ಸುಡುವ ವಾಸನೆ ಬಂತು. ಅದು ಮೂಗಿಗೆ ಬಡಿದ ಮೇಲೆ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಚಹಾಕ್ಕಿಟ್ಟ ನೀರು ಇಂಗಿಹೋಯಿತು. ಮತ್ತೆ ಇಟ್ಟೆ, ಮತ್ತೆ ಮರೆತೆ. ಹಬ್ಬದ ದಿನ ತವರು ನೆನಪಾಗುವುದು ಎಲ್ಲ ಹೆಣ್ಣುಮಕ್ಕಳಿಗೂ ಇದ್ದದ್ದೇ ಎಂದು ನೀವು ಅಂದೀರಿ. ನಾನೂ ಹಾಗೆಂದುಕೊಂಡು ಸಮಾಧಾನಪಡಲು ನೋಡಿದೆ. ಆದರೆ ಹಿಂದಿನ ದಿನ ಮೊರಬದಿಂದ ಚಿಗವ್ವ ಫೋನ್ ಮಾಡಿದ್ದಳು. ಅವಳ ಮೊಣಕಾಲು ಹಿಡಿದುಕೊಂಡಿದೆ, ಹೊಲಕ್ಕೆ ಇಳಿಯಲಾರಳು. ಈ ವರ್ಷ ಕಾಕಾನ ಮುಂದೆ ನಾನು ಇಳಿಯಬೇಕಂತೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಕಾ ನಮ್ಮ ಅಪ್ಪನ ತಮ್ಮ, ಚಿಗವ್ವ ಅವರ ಹೆಂಡತಿ. ನಮ್ಮ ದೇಶದಲ್ಲಿ ಯಾರನ್ನೂ ಬಲವಂತದಿಂದ ಸೈನ್ಯಕ್ಕೆ ಎಳೆಯುವುದಿಲ್ಲ ಎನ್ನುತ್ತಾರೆ. ಸರಕಾರ ಎಳೆಯುವುದಿಲ್ಲ, ನಿಜ. ಕಾಕಾನನ್ನು ಎಳೆದವರು ನಮ್ಮ ಅಜ್ಜ. ಇಬ್ಬರು ಮಕ್ಕಳಲ್ಲಿ ಒಬ್ಬ ಹೊಲಕ್ಕೆ, ಒಬ್ಬ ಪಗಾರಕ್ಕೆ ಎಂದು ಅವರ ತೀರ್ಮಾನ. ಭರ್ತಿಯವರು ಎದೆ ಅಳೆದಾಗ ಅಪ್ಪನದು ಕಡಿಮೆ ಬಿತ್ತು, ಕಾಕಾನದು ಸರಿಹೋಯಿತು. ಹೊಲ ಬೇಕೆಂದು ಅತ್ತವರು ಕಾಕಾ. ಮೀಸೆ ಮೂಡುವ ಮೊದಲೇ ಅವರು ಒಂದು ಹಿಡಿ ಎರೆ ಮಣ್ಣು ಹಿಸುಕಿ, ಬಿತ್ತನೆಗೆ ಹದವಾಗಿದೆಯೋ ಇಲ್ಲವೋ ಹೇಳುತ್ತಿದ್ದರಂತೆ. ದೊಡ್ಡವರೂ ಅವರನ್ನು ಕೇಳಿಕೊಂಡು ಕೂರಿಗೆ ಹೂಡುತ್ತಿದ್ದರಂತೆ.

ಅವರು ಕಾಲಾಳು ಪಡೆ ಸೇರಿದರು. ಪಶ್ಚಿಮದ ಗಡಿಯಲ್ಲಿ ಯುದ್ಧಕ್ಕೆ ಹೋಗಿಬಂದರು. ಕೈಕಾಲು ನೆಟ್ಟಗಿದ್ದವು, ಮನೆಯವರಿಗೆ ಅಷ್ಟು ಸಾಕಾಗಿತ್ತು. ಅಲ್ಲಿ ನೆಲದಲ್ಲಿ ಬಾಂಬು ಹೂತಿಡುತ್ತಿದ್ದರು ಎಂದಷ್ಟೇ ಹೇಳಿದರು. ಪಿಂಚಣಿ ಬಂದ ಮೇಲೆ ನವಲಗುಂದದ ಒಂದು ಗೋದಾಮಿನಲ್ಲಿ ಕಾವಲಿಗೆ ನಿಂತು, ದಿನವಿಡೀ ಸಿಮೆಂಟಿನ ನೆಲದ ಮೇಲೆ ಅತ್ತಿಂದಿತ್ತ ತಿರುಗುತ್ತಿದ್ದರು. ರಜೆಯ ದಿನ ಹೊಲಕ್ಕೆ ಬಂದರೆ ಬದು ಬಿಟ್ಟು ಇಳಿಯುತ್ತಿರಲಿಲ್ಲ. ಹದ ಆಗಿದೆಯೇ ಎಂದು ಯಾರಾದರೂ ಕೇಳಿದರೆ, “ನನ್ನ ಕೇಳಬ್ಯಾಡ್ರಿ” ಎನ್ನುತ್ತಿದ್ದರು. ಊರವರು ಅವರಿಗೆ ಬದುವಿನ ಮಿಲ್ಟ್ರಿ ಎಂದು ಹೆಸರಿಟ್ಟರು. ಕಾಕಾನಿಗೆ ತಮ್ಮ ಕಾಲು ಹೋದೀತೆಂಬ ಚಿಂತೆ ಎಂದು ನಾವೆಲ್ಲ ತಿಳಿದೆವು.

ಅಪ್ಪ ತೀರಿಕೊಂಡ ಮೇಲೆ ಚರಗ ಚೆಲ್ಲುವುದು ಕಾಕಾನ ಪಾಲಿಗೆ ಬಂತು. ಎಳ್ಳಮವಾಸ್ಯೆಯ ದಿನ ಮನೆಯ ಹಿರಿಯರು ಕಡುಬು, ಪಲ್ಯ, ಅನ್ನ ಕಲಸಿ ಬುಟ್ಟಿಯಲ್ಲಿಟ್ಟುಕೊಂಡು ಬೆಳೆಯ ನಡುವೆಯೇ ನಡೆದು, ಕೂಗುತ್ತ, ಭೂಮಿತಾಯಿಗೆ ಚೆಲ್ಲಬೇಕು. ಅದಾಗದೆ ಯಾರೂ ಉಣ್ಣುವಂತಿಲ್ಲ. ಮೊದಲ ವರ್ಷ ಕಾಕಾ ಬುಟ್ಟಿ ಹಿಡಿದು ಬದುವಿನ ಮೇಲೆ ನಿಂತೇ ಇದ್ದರು. ನಮ್ಮ ಹೊಟ್ಟೆ ಚುರುಗುಡುತ್ತಿತ್ತು. ಚಿಗವ್ವ ಕೊನೆಗೆ, “ಮಿಲ್ಟ್ರಿಯವರು ಇಲ್ಲೇ ಪಹರೆ ಮಾಡ್ರಿ, ನಾ ಹೋಗತೇನಿ” ಎಂದು ಸೀರೆ ಎತ್ತಿ ಕಟ್ಟಿ ಜೋಳದೊಳಗೆ ಇಳಿದೇಬಿಟ್ಟಳು. ಮರುಗಳಿಗೆಯಲ್ಲಿ ಕಾಕಾ ಇಳಿದರು! ಓಡಿದರು, ಅವಳನ್ನು ಹಿಂದೆ ಹಾಕಿದರು, ಚೆಲ್ಲುತ್ತ ಚೆಲ್ಲುತ್ತ ಹೊಲದ ಆ ತುದಿ ಮುಟ್ಟಿದರು. ನಾವು ಚಪ್ಪಾಳೆ ತಟ್ಟಿದೆವು. ಅಂಜಿಕೆ ಬಿಟ್ಟಿತು ಎಂದುಕೊಂಡೆವು.

ಬಿಟ್ಟಿರಲಿಲ್ಲ. ಮುಂದಿನ ವರ್ಷವೂ ಬದುವಿನ ಮೇಲೆಯೇ ನಿಂತರು. ಚಿಗವ್ವ ಮತ್ತೆ ಇಳಿದಳು, ಕಾಕಾ ಮತ್ತೆ ಓಡಿದರು. ಹೀಗೆ ಇದೇ ನಮ್ಮ ಮನೆಯ ಪದ್ಧತಿಯಾಯಿತು. ಕಲಘಟಗಿಯಲ್ಲಿ ಬಂದವರ ಮುಂದೆ ನಾನು ಇದನ್ನು ನಟಿಸಿ ತೋರಿಸಿ ನಗಿಸುತ್ತಿದ್ದೆ. ಚೆನ್ನಾಗಿಯೇ ನಟಿಸುತ್ತಿದ್ದೆ.

ಈ ಸಲ ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ ಮೊರಬ ಮುಟ್ಟುವಾಗ ಬಿಸಿಲೇರಿತ್ತು. ಚಿಗವ್ವ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕಾಲು ಚಾಚಿ ಕೂತು, “ಇಳಿಬೇ, ಅವರು ತಾವ ಬರ್ತಾರ” ಎಂದಳು. ನಾನು ಚಪ್ಪಲಿ ಬಿಟ್ಟೆ. ಜೋಳದ ಬುಡದಲ್ಲಿ ಎರೆ ನೆಲ ಬಿರುಕು ಬಿಟ್ಟಿತ್ತು. ಒಂದು ಕಾಲು ಕೆಳಗಿಟ್ಟೆ, ಅಷ್ಟರಲ್ಲಿ ಕಾಕಾ ನನ್ನ ಮುಂಗೈ ಹಿಡಿದರು. ಮುದುಕರ ಕೈ, ಆದರೆ ನೋಯುವಂತೆ ಹಿಡಿದಿದ್ದರು.

“ನೀ ಬ್ಯಾಡ” ಎಂದರು.

“ಕಾಕಾ, ನಮ್ಮ ಹೊಲಾರೀ ಇದು. ಇಲ್ಲೇನೂ ಇಲ್ಲ ಅಂತ ನಿಮಗ ಗೊತ್ತೈತಲ್ಲ.”

“ಅಲ್ಲೂ ನನಗ ಗೊತ್ತಿತ್ತವ್ವ.”

ಆಮೇಲೆ ಕೈ ಬಿಡದೆ, ಬೆಳೆಯ ಕಡೆಗೇ ನೋಡುತ್ತ, ಹೇಳಿದರು. ರೈತನ ಮಗ, ಮಣ್ಣು ಬಲ್ಲವನು ಎಂದು ಗಡಿಯಲ್ಲಿ ದಾರಿ ನೋಡಿ ಹೇಳುವ ಕೆಲಸವನ್ನು ಅವರಿಗೆ ಕೊಟ್ಟಿದ್ದರಂತೆ. ನಮ್ಮ ಎರೆ ಮಣ್ಣನ್ನು ಅಗೆದರೆ ಹೆಂಟೆ ಏಳುತ್ತದೆ. ಮುಚ್ಚಿದರೂ ದೂರದಿಂದ ಕಾಣುತ್ತದೆ. ಅಲ್ಲಿಯ ಮಣ್ಣು ಹಿಟ್ಟಿನಂಥದು, ಇಬ್ಬನಿ ಬಿದ್ದರೆ ಅಗೆದ ಗುರುತೇ ಉಳಿಯದು. ಕಾಕಾ ನೋಡಿದ್ದು ಹೆಂಟೆಗಾಗಿ. ಹೆಂಟೆ ಇರಲಿಲ್ಲ.

“ಯಾರೂ ಅಗದಿಲ್ಲ, ನಡಿ ಅಂದೆ. ನನ್ನ ಜೋಡೀದ ಹುಡುಗಾ. ನಡದಾ.”

ಆ ಹುಡುಗ ಮರಳಿ ಬರಲಿಲ್ಲವಂತೆ. ಅವರು ಅಂಜಿದ್ದು ತಮ್ಮ ಕಾಲಿಗಲ್ಲ, ತಮ್ಮನ್ನು ನಂಬಿ ಇಳಿಯುವವರ ಕಾಲಿಗೆ ಎಂದು ನನಗೆ ಆಗ ತಿಳಿಯಿತು. ಟ್ರೇಲರಿನಿಂದ ಚಿಗವ್ವ ಎಲ್ಲ ಕೇಳಿಸಿಕೊಂಡಿದ್ದಳು.

“ಇಷ್ಟ ವರ್ಷ ನಾ ಇಳಿಯೂಮುಂದ ಯಾಕ ಹೇಳಲಿಲ್ರೀ?” ಎಂದಳು.

“ಎಲ್ಲಾರೂ ನಗತಿದ್ರಿ. ಹಬ್ಬಾ ಅಲ್ಲೇನು” ಎಂದರು ಕಾಕಾ.

ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ. ಬದುವಿನ ಮೇಲೆಯೇ ಕಾಕಾ ಬುಟ್ಟಿ ಹಿಡಿದು ಮುಂದೆ, ನಾನು ನೀರಿನ ತಂಬಿಗೆ ಹಿಡಿದು ಹಿಂದೆ, ಹೊಲವನ್ನು ಸುತ್ತಿದೆವು. ಕೈ ಬೀಸಿದಷ್ಟು ದೂರ ಚರಗ ಬಿತ್ತು. ನಡುವಿನ ಜೋಳಕ್ಕೆ ಮುಟ್ಟಲಿಲ್ಲ.

ಕಲಘಟಗಿಗೆ ಮರಳಿದ್ದೇನೆ. ಇಂದು ಮುಂಜಾನೆ ಚಿಗವ್ವ ಫೋನ್ ಮಾಡಿದ್ದಳು. ನಡುವಿನ ಬೆಳೆ ಉಪವಾಸ ಉಳಿಯಿತೆಂದು ಅವಳಿಗೆ ನಿದ್ದೆ ಇಲ್ಲ. ದನಿ ಇಳಿಸಿ, ಕಾಕಾನ ಕಣ್ಣು ತಪ್ಪಿಸಿ ಆಳಿನ ಕೈಯಿಂದ ಒಂದು ಹಿಡಿ ಚೆಲ್ಲಿಸಲೇ ಎಂದು ಕೇಳಿದಳು.

“ಅವರು ನೋಡದಿದ್ದರೂ ಬ್ಯಾಡ ಚಿಗವ್ವ” ಎಂದೆ.

 

“ಇರಲಿ ಹಂಗಾರ” ಎಂದಳು. “ಅಷ್ಟ ಜಾಗಾ ಆ ಹುಡುಗಂದು.”